ವಿಮಾನ ನಗರದ ಊಟ: ಆಕ್ಷೇಪಗಳಿಗೆ ಉತ್ತರ

ವಿಮಾನ ನಗರದಲ್ಲಿ ಹತ್ತು ರೂಪಾಯಿಗೆ ಊಟ ಕೊಡುವ ಕೇಂದ್ರಗಳು ಬೇಕು, ಅದಕ್ಕೆ ರಾಜ್ಯ ಸರ್ಕಾರದ ಜೊತೆ ಪುಣೆ ಮಹಾನಗರ ಪಾಲಿಕೆಯೂ ತನ್ನ ಬಜೆಟ್ಟಿನಲ್ಲಿ ಹಣ ಎತ್ತಿಡಬೇಕು ಎಂದು ನಾವು ಕೆಲವರು ಕೇಳುತ್ತಿದ್ದೇವೆ. ಸುತ್ತಲಿನ ಸೊಸೈಟಿಗಳಿಂದ, ಅದರಲ್ಲೂ ನಮ್ಮ ಕನ್ನಡದ ಗೆಳೆಯರಿಂದಲೇ, ಇದಕ್ಕೆ ಸಾಕಷ್ಟು ವಿರೋಧ ಬಂದಿದೆ. ಹೇಳಿದವರು ಕೆಟ್ಟವರಲ್ಲ. ಹಾಗಾಗಿ ಒಂದೊಂದಕ್ಕೂ ಉತ್ತರ ಕೊಡುವುದು ನನ್ನ ಕರ್ತವ್ಯ.

ಮೊದಲ ಮಾತು: "ವಿಮಾನ ನಗರದಲ್ಲಿ ಹಸಿದವರು ಯಾರಿದ್ದಾರೆ?" ಫೀನಿಕ್ಸ್ ಮಾಲ್, ಸಿಂಬಯಾಸಿಸ್ ಕಾಲೇಜು, ಐಟಿ ಕಚೇರಿಗಳನ್ನಷ್ಟೇ ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಕಟ್ಟಡ ಏಳುತ್ತಿರುವ ಯಾವುದೇ ಸೈಟಿನ ಮುಂದೆ ಮಧ್ಯಾಹ್ನ ಒಂದು ಗಂಟೆಗೆ ನಿಂತು ನೋಡಿ. ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಗುಳೆ ಬಂದವರ ಮಾತು ಕಿವಿಗೆ ಬೀಳುತ್ತದೆ. ಶಹಾಪುರ ಕಡೆಯ ಒಬ್ಬ ತಾಯಿಯ ಬುತ್ತಿಗಂಟಿನಲ್ಲಿ ನಾನು ಕಂಡದ್ದು ಎರಡು ಜೋಳದ ರೊಟ್ಟಿ, ಒಂದು ಚಿಟಿಕೆ ಶೇಂಗಾ ಹಿಂಡಿ. ಪಲ್ಯ ಇರಲಿಲ್ಲ. ಅದರಲ್ಲೇ ಅರ್ಧ ರೊಟ್ಟಿ ಮುರಿದು ಮಗುವಿನ ಕೈಗೆ ಕೊಟ್ಟರು. ಬೆಳಗಿನಿಂದ ಆ ಮಗು ತಿಂದದ್ದು ಚಹಾದಲ್ಲಿ ಅದ್ದಿದ ಬಿಸ್ಕತ್ತು ಮಾತ್ರ. ಹೊಟ್ಟೆ ಪೂರ್ತಿ ಖಾಲಿಯಿದ್ದರೆ ಮಾತ್ರ ಹಸಿವು ಎನ್ನುವುದಾದರೆ ಇಲ್ಲಿ ಹಸಿವಿಲ್ಲ. ಮೈಮುರಿದು ದುಡಿಯುವ ದೇಹಕ್ಕೆ ಬೇಕಾದಷ್ಟು ಅನ್ನ ಸಿಗದಿರುವುದೂ ಹಸಿವೇ ಎನ್ನುವುದಾದರೆ, ಅದು ನಮ್ಮ ಗೇಟಿನ ಹೊರಗೇ ಇದೆ.

"ರೇಷನ್ ಪುಕ್ಕಟೆ ಸಿಗುತ್ತದಲ್ಲ?" ಇದು ಗಟ್ಟಿಯಾದ ಪ್ರಶ್ನೆ. 2013ರ ಆಹಾರ ಭದ್ರತಾ ಕಾಯ್ದೆಯ ಧಾನ್ಯ ಈಗ ಉಚಿತ, ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ಪುಣೆಯಲ್ಲೂ ಪಡೆಯಬಹುದು. ಆದರೆ ಹೀಗೆ ಗಡಿ ದಾಟಿ ಬರುವುದು ಕೇಂದ್ರದ ಪಾಲು ಮಾತ್ರ. ಕರ್ನಾಟಕ ತನ್ನ ಖಜಾನೆಯಿಂದ ಕೊಡುವ ಅನ್ನಭಾಗ್ಯದ ಹೆಚ್ಚುವರಿ ಪಾಲು ಊರಿನಲ್ಲೇ ಉಳಿಯುತ್ತದೆ. ಕಾಯ್ದೆಯ ಫಲಾನುಭವಿಗಳ ಲೆಕ್ಕವೂ ಇನ್ನೂ 2011ರ ಜನಗಣತಿಯದೇ. ಇನ್ನು ಕಾರ್ಡು ಎಷ್ಟೋ ಮನೆಗಳಲ್ಲಿ ಊರಲ್ಲಿರುವ ಮುದುಕರ ಹೊಟ್ಟೆ ಹೊರೆಯುತ್ತಿದೆ. ಇಷ್ಟಾದರೂ ಸಿಗುವುದು ಅಕ್ಕಿ, ಊಟವಲ್ಲ. "ಅಕ್ಕಿ ಏನೋ ಬರ್ತದರಿ, ಕುದಸ್ಲಾಕ ಗ್ಯಾಸ್ ಬ್ಯಾಡೇನ್ರಿ?" ಎಂದು ಅದೇ ತಾಯಿ ಕೇಳಿದರು. ತಗಡಿನ ಶೆಡ್ಡಿನಲ್ಲಿರುವವರು ನಸುಕಿನಲ್ಲಿ ಎದ್ದು ಬೇಯಿಸಿ ಕೆಲಸಕ್ಕೆ ಹೊರಡುವುದು ಎಷ್ಟು ಕಷ್ಟವೆಂದು ಅಡುಗೆ ಮಾಡಿದವರಿಗೇ ಗೊತ್ತು.

ಮೂರನೆಯದು ನನಗೆ ನಿಜಕ್ಕೂ ನೋವು ತಂದ ಮಾತು: "ಅಗ್ಗದ ಊಟ ಹಾಕಿದರೆ ಜನ ಸೋಮಾರಿಗಳಾಗುತ್ತಾರೆ." ಈ ವಾದಕ್ಕೆ ನೂರೈವತ್ತು ವರ್ಷದ ಇತಿಹಾಸವಿದೆ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, 1877ರಲ್ಲಿ, ಖರ್ಚು ಹಿಡಿತಕ್ಕೆ ತರಲು ಬಂದ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತ ಕಡಿಮೆ. ಹೆಚ್ಚು ಕೊಟ್ಟರೆ ಜನ ಸರ್ಕಾರಕ್ಕೆ ಅಂಟಿಕೊಳ್ಳುತ್ತಾರೆಂಬ ಭಯ ಆಗಲೂ ಇತ್ತು. ನಮ್ಮ ಧಾರವಾಡ, ಕಲಾದಗಿ ಜಿಲ್ಲೆಗಳೂ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು, ಅಲ್ಲಿಯವರಿಗೂ ಇದೇ ಕೂಲಿ. ಆ ಕೂಲಿಯ ವಿರುದ್ಧ ದನಿಯೆತ್ತಿದ್ದು ಇದೇ ಪುಣೆಯ 'ಸಾರ್ವಜನಿಕ ಸಭಾ' ಎಂಬ ಸಂಘಟನೆ. ಇಂದು ನಾವು ಕೇಳುತ್ತಿರುವುದು ಈ ಊರಿಗೆ ಹೊಸದೇನಲ್ಲ.

ಸೋಮಾರಿತನ ಹುಟ್ಟಿಸುತ್ತದೆ ಎನ್ನುವ ತಟ್ಟೆಯಲ್ಲಿ ಏನಿದೆ ನೋಡೋಣ. ನಾವು ಕೇಳುತ್ತಿರುವ ಹತ್ತು ರೂಪಾಯಿಯ ಊಟವೆಂದರೆ ಮಹಾರಾಷ್ಟ್ರ ಸರ್ಕಾರ 2020ರ ಗಣರಾಜ್ಯೋತ್ಸವದಂದು ಶುರುಮಾಡಿದ ಶಿವಭೋಜನ ಥಾಲಿ. ಅದರಲ್ಲಿ ತಲಾ 30 ಗ್ರಾಮಿನ ಎರಡು ಚಪಾತಿ, 100 ಗ್ರಾಂ ಪಲ್ಯ, 100 ಗ್ರಾಂ ಬೇಳೆ, 150 ಗ್ರಾಂ ಅನ್ನ. ಇದಕ್ಕಾಗಿ ಯಾರೂ ದಿನದ ಪಗಾರ ಬಿಟ್ಟು ಕೂರುವುದಿಲ್ಲ. ಇದನ್ನು ಉಂಡು ಮತ್ತೆ ಸಿಮೆಂಟ್ ಬುಟ್ಟಿ ಹೊರುತ್ತಾರೆ.

"ನಮ್ಮ ತೆರಿಗೆ ದುಡ್ಡು ಯಾಕೆ?" ಎಂದವರು ದಯವಿಟ್ಟು ತಮ್ಮ ಸಂಬಳದ ಚೀಟಿ ತೆಗೆದು ನೋಡಿ. ಅದರಲ್ಲಿ ವೃತ್ತಿ ತೆರಿಗೆ ಎಂದು ವರ್ಷಕ್ಕೆ 2,500 ರೂಪಾಯಿ ಹೋಗುತ್ತದೆ. 1972ರ ಭೀಕರ ಬರದ ನಂತರ ಮಹಾರಾಷ್ಟ್ರ ತನ್ನ ಉದ್ಯೋಗ ಖಾತರಿ ಯೋಜನೆಗೆ ಹಣ ಹೊಂದಿಸಲೆಂದೇ 1975ರಲ್ಲಿ ತಂದ ತೆರಿಗೆ ಅದು. ನಗರದ ಸಂಬಳದಾರ ಹಳ್ಳಿಯ ಹಸಿವಿಗೆ ಪಾಲು ಕೊಡಬೇಕೆಂದು ಈ ರಾಜ್ಯ ಆಗಲೇ ತೀರ್ಮಾನಿಸಿತ್ತು. ಅಂಥ ಹಳ್ಳಿಗರೇ ಇಂದು ನಗರದ ಸೈಟಿನಲ್ಲಿದ್ದಾರೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು 1996ರ ಕಾಯ್ದೆ ತಂದ, ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಕೂಡ ವಸೂಲಾಗುತ್ತದೆ, ಎಂದರೆ ಕೋಟಿಗೆ ಒಂದು ಲಕ್ಷ. ಆದರೆ ಅದರ ಫಲ ನೋಂದಾಯಿತರಿಗೆ ಮಾತ್ರ. ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು. ಸೈಟಿನಿಂದ ಸೈಟಿಗೆ ಅಲೆಯುವವರಿಗೆ ಅದನ್ನು ಬರೆದುಕೊಡುವ ಮುಕಾದಮ ಎಲ್ಲಿ ಸಿಗುತ್ತಾನೆ?

ನಾವು ಕೇಳುತ್ತಿರುವ ಮೊತ್ತವನ್ನೂ ಹೇಳಿಬಿಡುತ್ತೇನೆ. ನಗರದಲ್ಲಿ ಒಂದು ಥಾಲಿಗೆ ಸರ್ಕಾರ ಇಟ್ಟ ದರ 50 ರೂಪಾಯಿ. ಉಣ್ಣುವವರು 10 ಕೊಟ್ಟರೆ ಉಳಿದದ್ದು 40. ದಿನಕ್ಕೆ 500 ಥಾಲಿ ಎಂದರೂ 20 ಸಾವಿರ, ವರ್ಷಕ್ಕೆ 73 ಲಕ್ಷ. ಪಾಲಿಕೆಯ ವಾರ್ಷಿಕ ಬಜೆಟ್ 12 ಸಾವಿರ ಕೋಟಿಗೂ ಹೆಚ್ಚು.

"ಹಣ ತಿನ್ನುತ್ತಾರೆ, ಸುಳ್ಳು ಲೆಕ್ಕ ಬರೆಯುತ್ತಾರೆ." ತಿನ್ನುವವರು ಇದ್ದೇ ಇರುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಶಿವಭೋಜನದಲ್ಲಿ ಉಣ್ಣುವವರ ಫೋಟೊ ಆ್ಯಪಿಗೆ ಹಾಕುವ ಪದ್ಧತಿ ಬಂದದ್ದೇ ಇದಕ್ಕೆ. ತನಿಖೆ ಮಾಡಿ, ಕಳ್ಳರನ್ನು ಹಿಡಿಯಿರಿ. ಆದರೆ ಕಳ್ಳತನಕ್ಕಿಂತ ಹೆಚ್ಚಾಗಿ ಇಂಥ ಅಡುಗೆಮನೆಗಳನ್ನು ಸೊರಗಿಸಿದ್ದು ಹಣ ಬಾರದಿರುವುದು. ಬೆಂಗಳೂರಿನಲ್ಲಿ 2017ರ ಆಗಸ್ಟ್ 16ರಂದು ಶುರುವಾದ ಇಂದಿರಾ ಕ್ಯಾಂಟೀನಿಗೆ ಸರ್ಕಾರ ಬದಲಾದ ಮೇಲೆ ಅನುದಾನ ಸೊರಗಿ ಬಿಲ್ಲುಗಳು ಬಾಕಿ ಬಿದ್ದವು. ಶಿವಭೋಜನ ಕೇಂದ್ರ ನಡೆಸುವವರೂ ಈಚೆಗೆ ಅದೇ ಸಂಕಟ ಅನುಭವಿಸಿದ್ದಾರೆ. ಪಾಲಿಕೆಯ ಬಜೆಟ್ಟಿನಲ್ಲಿ ಪ್ರತ್ಯೇಕ ಬಾಬತ್ತು ಇರಲಿ ಎಂದು ನಾವು ಪಟ್ಟು ಹಿಡಿದಿರುವುದು ಅದಕ್ಕೇ.

"ದಾನಿಗಳಿದ್ದಾರೆ, ಗುರುದ್ವಾರಗಳಿವೆ." ಅವರ ಪಾದಕ್ಕೆ ನಮಸ್ಕಾರ. ಆದರೆ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಹಂಚುವ ಊಟ ಮಂಗಳವಾರದ ಮಧ್ಯಾಹ್ನಕ್ಕೆ ಬಾರದು. ಶಾಲೆಯ ಬಿಸಿಯೂಟ ದೇಶದ ಎಲ್ಲೆಡೆ ಸರ್ಕಾರಿ ಶಾಲೆಗಳ ಮಕ್ಕಳ ತಟ್ಟೆಗೆ ಬಂದದ್ದು ದಾನದಿಂದಲ್ಲ, 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶದಿಂದ ಮತ್ತು ಅದರ ಹಿಂದೆ ನಿಂತ ಸರ್ಕಾರಿ ಹಣದಿಂದ.

ಕಡೆಯದು, "ಅವರು ಹೊರಗಿನವರು." ನಾವು ಕನ್ನಡಿಗರು ಇದನ್ನು ಪುಣೆಯಲ್ಲಿ ಕುಳಿತು ಹೇಳಬಾರದು. ಹಾಗೆಂದು ಕೋರ್ಟಿನ ಆದೇಶಕ್ಕೆ ಕಾಯುತ್ತ ಕೂರುವಂತೆಯೂ ಇಲ್ಲ. ವಲಸೆ ಕಾರ್ಮಿಕರಿಗೆ ಸಮುದಾಯ ಅಡುಗೆಮನೆ ನಡೆಸಬೇಕೆಂದು 2021ರ ಜೂನ್ 29ರಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದ್ದು ಕೋವಿಡ್ ಕಾಲಕ್ಕೆ ಮಾತ್ರ. ಎಲ್ಲೆಡೆ ಕಡ್ಡಾಯ ಮಾಡಲು 2024ರ ಫೆಬ್ರವರಿಯಲ್ಲಿ ಅದೇ ಕೋರ್ಟ್ ಒಪ್ಪಲಿಲ್ಲ, ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಆದ್ದರಿಂದ ಇದು ನಾವು ಕೇಳಿಯೇ ಪಡೆಯಬೇಕಾದದ್ದು. ವಾರ್ಡಿನ ಕೆಲಸಗಳಿಗೆ ನಾಗರಿಕರಿಂದ ಸಲಹೆ ಪಡೆಯುವ ಪದ್ಧತಿ ಪುಣೆ ಪಾಲಿಕೆಯಲ್ಲಿ 2006ರಿಂದಲೂ ಇದೆ. ಬೆಂಚು, ಫುಟ್‌ಪಾತು ಕೇಳುವ ಅರ್ಜಿಗಳ ನಡುವೆ ಈ ಸಲ ನಮ್ಮ ಸೊಸೈಟಿಗಳಿಂದ ಊಟದ ಕೇಂದ್ರದ ಅರ್ಜಿಯೂ ಹೋಗಲಿ. ಬರೆದುಕೊಡಲು ನಾನು ಸಿದ್ಧ, ಸಹಿ ನಿಮ್ಮದು ಬೇಕು.