ಕೊಬ್ಬಿನ ಗುಳಿಗೆ ಸೋಂಕಿಗೂ ಮದ್ದೇ?

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಔಷಧ ಅಂಗಡಿಗೆ ಹೋದರೂ ಬಿಪಿ, ಸಕ್ಕರೆ ಗುಳಿಗೆಗಳ ಜೊತೆಗೆ ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಸಿಕ್ಕೇ ಸಿಗುತ್ತವೆ. ರಕ್ತದ ಕೊಲೆಸ್ಟರಾಲ್ ಇಳಿಸಿ ಹೃದಯಾಘಾತ, ಪಾರ್ಶ್ವವಾಯು ತಡೆಯುವುದು ಈ ಸ್ಟಾಟಿನ್ ಗುಳಿಗೆಗಳ ಕೆಲಸ. ಅದರಲ್ಲಿ ಈಗ ತಕರಾರಿಲ್ಲ. ತಕರಾರಿರುವುದು ಇನ್ನೊಂದು ಮಾತಿನ ಬಗ್ಗೆ: ಇದೇ ಗುಳಿಗೆ ನ್ಯುಮೋನಿಯಾ, ರಕ್ತದ ನಂಜು, ಡೆಂಗಿ, ಕ್ಷಯದಂಥ ಸೋಂಕುಗಳ ವಿರುದ್ಧವೂ ನೆರವಾಗುತ್ತದೆಯೇ?

ಈ ಪ್ರಶ್ನೆ ಗಾಳಿಮಾತಿನಿಂದ ಹುಟ್ಟಿದ್ದಲ್ಲ. 1971ರಲ್ಲಿ ಜಪಾನಿನ ಸಾಂಕ್ಯೊ ಕಂಪನಿಯ ಅಕಿರಾ ಎಂಡೊ ಬೂಷ್ಟುಗಳನ್ನು ಜಾಲಾಡಲು ಶುರುಮಾಡಿದಾಗ ಅವರ ತರ್ಕವೇ ಸೂಕ್ಷ್ಮಜೀವಿಗಳ ಕಾದಾಟದ ಮೇಲೆ ನಿಂತಿತ್ತು. ಕೆಲವು ಜೀವಿಗಳಿಗೆ ಬದುಕಲು ಕೊಲೆಸ್ಟರಾಲ್ ಜಾತಿಯ ಸ್ಟೆರಾಲ್ ಬೇಕು. ಅವುಗಳ ಎದುರಾಳಿ ಬೂಷ್ಟು ಆ ತಯಾರಿಕೆಯನ್ನೇ ತಡೆಯುವ ವಸ್ತುವನ್ನು ಸೃಷ್ಟಿಸಿಕೊಂಡಿರಬಹುದು. 6,000ಕ್ಕೂ ಹೆಚ್ಚು ತಳಿಗಳನ್ನು ಪರೀಕ್ಷಿಸಿ 1973ರಲ್ಲಿ ಅವರು ಮೊದಲ ಸ್ಟಾಟಿನ್ ಕಂಡುಕೊಂಡಿದ್ದು ಪೆನಿಸಿಲಿಯಂ ಕುಲದ ಬೂಷ್ಟಿನಲ್ಲಿ. ಪೆನಿಸಿಲಿನ್ ಕೊಟ್ಟದ್ದೂ ಅದೇ ಕುಲ. ಕ್ಷಯದ ರೋಗಾಣು ನಮ್ಮ ರಕ್ಷಣಾ ಕೋಶದೊಳಗೆ ಅಡಗಿ ಕುಳಿತು ಕೊಲೆಸ್ಟರಾಲನ್ನೇ ತಿಂದು ಬದುಕಬಲ್ಲದು ಎಂಬುದು ಆಮೇಲೆ ತಿಳಿದ ಸಂಗತಿ. ಜೊತೆಗೆ ಸ್ಟಾಟಿನ್ ದೇಹದ ಉರಿಯೂತವನ್ನು ತಗ್ಗಿಸುತ್ತದೆ. ಎಷ್ಟೋ ಸೋಂಕುಗಳಲ್ಲಿ ರೋಗಿಯನ್ನು ಕೊಲ್ಲುವುದು ಕ್ರಿಮಿಗಿಂತ ಹೆಚ್ಚಾಗಿ ಹತೋಟಿ ತಪ್ಪಿದ ಈ ಉರಿಯೂತವೇ.

ಆಸ್ಪತ್ರೆಯ ಲೆಕ್ಕಗಳೂ ಆಸೆ ಹುಟ್ಟಿಸಿದವು. 2004ರಲ್ಲಿ ಇಸ್ರೇಲಿನ ವೈದ್ಯರು ಬ್ಯಾಕ್ಟೀರಿಯಾ ಸೋಂಕಿನಿಂದ ದಾಖಲಾದ 361 ಮಂದಿಯನ್ನು ಗಮನಿಸಿದರು. ಮೊದಲಿನಿಂದ ಸ್ಟಾಟಿನ್ ನುಂಗುತ್ತಿದ್ದವರಲ್ಲಿ ಶೇ 2.4ರಷ್ಟು ಮಂದಿಗೆ ಮಾತ್ರ ತೀವ್ರ ನಂಜಾಯಿತು, ಉಳಿದವರಲ್ಲಿ ಶೇ 19ರಷ್ಟು ಮಂದಿಗೆ. 17,802 ಜನರ ಜುಪಿಟರ್ ಪ್ರಯೋಗ ನಡೆದದ್ದು ಹೃದಯಕ್ಕಾಗಿ. ಅದರಲ್ಲೂ ಔಷಧವಿಲ್ಲದ ಹುಸಿಗುಳಿಗೆ ಪಡೆದವರ ಪೈಕಿ 257 ಮಂದಿಗೆ ನ್ಯುಮೋನಿಯಾ ಬಂದರೆ, ರೊಸುವಾಸ್ಟಾಟಿನ್ ಪಡೆದವರಲ್ಲಿ 214 ಮಂದಿಗೆ ಬಂತು.

ಆದರೆ ಗುಳಿಗೆ ತಪ್ಪದೆ ನುಂಗುವವರು ಯಾರು ಎಂಬುದನ್ನೂ ನೋಡಬೇಕು. ಬೀಜೋಪಚಾರ ಮಾಡಿ ಬಿತ್ತುವ ರೈತ ಸಾಮಾನ್ಯವಾಗಿ ಹೊತ್ತಿಗೆ ಸರಿಯಾಗಿ ಕಳೆ ತೆಗೆಸುತ್ತಾನೆ, ನೀರು ಹಾಯಿಸುತ್ತಾನೆ. ಇಳುವರಿಯ ಕೀರ್ತಿಯನ್ನೆಲ್ಲ ಬೀಜೋಪಚಾರಕ್ಕೇ ಕಟ್ಟಲಾಗದು. ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ತೋರಿಸಿಕೊಂಡು, ಫೈಲು ಜೋಪಾನವಾಗಿಟ್ಟು, ಜ್ವರ ಬಂದ ದಿನವೇ ದವಾಖಾನೆ ಹತ್ತುವವರು ಒಂದು ಕಡೆ. ಕೂಲಿ ತಪ್ಪೀತೆಂದು ಐದನೇ ದಿನದವರೆಗೂ ಕಷಾಯ ಕುಡಿದು ತಡೆದುಕೊಳ್ಳುವವರು ಇನ್ನೊಂದು ಕಡೆ. ಇವರಿಬ್ಬರ ನಡುವಿನ ಅಂತರ ಒಂದು ಗುಳಿಗೆಯದ್ದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಇದನ್ನು ಚಂದವಾಗಿ ತೋರಿಸಿಕೊಟ್ಟರು: ಸ್ಟಾಟಿನ್ ತಪ್ಪಿಸದವರಿಗೆ ರಸ್ತೆ ಅಪಘಾತಗಳೂ ಕಡಿಮೆ! ಗುಳಿಗೆ ಅಪಘಾತ ತಡೆಯಿತೆಂದು ಯಾರೂ ಹೇಳಲಾರರು. ಅದೇ ದೇಶದ ಎಡ್ಮಂಟನ್ನಿನಲ್ಲಿ 3,415 ನ್ಯುಮೋನಿಯಾ ರೋಗಿಗಳ ಉಳಿದ ಆರೋಗ್ಯಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿದಾಗ, ಸ್ಟಾಟಿನ್‌ನ ಲಾಭ ಕರಗಿಹೋಯಿತು.

ಹಾಗಾಗಿ ಯಾರಿಗೆ ಗುಳಿಗೆ, ಯಾರಿಗೆ ಹುಸಿಗುಳಿಗೆ ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸುವ ಪ್ರಯೋಗಗಳೇ ನ್ಯಾಯ ಹೇಳಬೇಕು. ಅಲ್ಲಿ ತಕ್ಕಡಿ ಬಹುಪಾಲು ಒಂದೇ ಕಡೆ ವಾಲಿದೆ. ಅಮೆರಿಕದಲ್ಲಿ ನಂಜಿನಿಂದ ಶ್ವಾಸಕೋಶ ಕೆಟ್ಟ 745 ರೋಗಿಗಳ ಪ್ರಯೋಗವನ್ನು ಫಲವಿಲ್ಲವೆಂದು ನಡುವೆಯೇ ನಿಲ್ಲಿಸಿದ್ದು 2014ರಲ್ಲಿ ವರದಿಯಾಯಿತು. ಸಾವು ರೊಸುವಾಸ್ಟಾಟಿನ್ ಪಡೆದವರಲ್ಲಿ ಶೇ 28.5, ಪಡೆಯದವರಲ್ಲಿ ಶೇ 24.9. ವಿಯೆಟ್ನಾಂನಲ್ಲಿ 300 ಡೆಂಗಿ ರೋಗಿಗಳ ಪ್ರಯೋಗದಲ್ಲಿ ಲೊವಾಸ್ಟಾಟಿನ್‌ನಿಂದ ಅಪಾಯವೂ ಆಗಲಿಲ್ಲ, ಗುಣವೂ ಕಾಣಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದ ನಮ್ಮ ರಾಜ್ಯಕ್ಕೆ ಇದು ಬೇಸರದ ಸುದ್ದಿಯೇ. ಕ್ಷಯದ ಚಿಕಿತ್ಸೆಯ ಜೊತೆ ರೊಸುವಾಸ್ಟಾಟಿನ್ ಸೇರಿಸಿದರೂ ಕಫ ಬೇಗ ಶುದ್ಧವಾಗಲಿಲ್ಲ ಎಂದು 2023ರಲ್ಲಿ ವರದಿಯಾಯಿತು. ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸಾಯುವುದು ನಿಜ, ಆದರೆ ಅದಕ್ಕೆ ಬೇಕಾದ ಪ್ರಮಾಣ ಗುಳಿಗೆ ನುಂಗಿದವರ ರಕ್ತದಲ್ಲಿ ಸಿಗುವುದಕ್ಕಿಂತ ನೂರಾರು ಪಟ್ಟು ಹೆಚ್ಚು.

ಇಷ್ಟಾದರೂ ಕಡತ ಮುಚ್ಚಿಲ್ಲ. ಬರ್ಮಿಂಗ್‌ಹ್ಯಾಮಿನ 100 ರೋಗಿಗಳ ಸಣ್ಣ ಪ್ರಯೋಗದಲ್ಲಿ ಅಟೊರ್ವಾಸ್ಟಾಟಿನ್ ಪಡೆದವರಲ್ಲಿ ನಂಜು ಉಲ್ಬಣಿಸಿದ್ದು ಶೇ 4, ಉಳಿದವರಲ್ಲಿ ಶೇ 24. ವಿಫಲವೆನಿಸಿದ್ದ ಇನ್ನೊಂದು ಪ್ರಯೋಗದ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಿದಾಗ, ಉರಿಯೂತ ವಿಪರೀತವಾಗಿದ್ದ ಗುಂಪಿನಲ್ಲಿ ಸಿಮ್ವಾಸ್ಟಾಟಿನ್ ಪಡೆದವರು ಹೆಚ್ಚು ಬದುಕಿದ್ದು ಕಂಡಿತು. 2023ರ ಕೋವಿಡ್ ಪ್ರಯೋಗವೊಂದರಲ್ಲಿ ಐಸಿಯು ರೋಗಿಗಳಿಗೆ ಸಿಮ್ವಾಸ್ಟಾಟಿನ್ ಉಪಕಾರಿ ಎನ್ನುವ ಸಂಭವ ಶೇ 95.9ಕ್ಕೆ ಮುಟ್ಟಿತು, ಮೊದಲೇ ಹಾಕಿಕೊಂಡ ಗೆರೆಗೆ ಅದು ಸಾಲಲಿಲ್ಲ, ಕೋವಿಡ್ ಇಳಿದು ರೋಗಿಗಳೂ ಸಿಗದಾದರು. ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ ಉಪಯೋಗವಿರಬಹುದು ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆ ಕೆಲವರು ಯಾರೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ಗುರುತಿಸುವ ಪರೀಕ್ಷೆ ಮಾತ್ರ ಇನ್ನೂ ಇಲ್ಲ.

ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಸೋಂಕಿನ ಔಷಧಗಳೊಡನೆ ಈ ಗುಳಿಗೆಯ ಜಗಳ. ಸ್ಟೆರಾಯ್ಡ್ ಬೆರೆತ ಮುಲಾಮು ಸವರಿಕೊಂಡು ಗಜಕರ್ಣ ಹಟ ಹಿಡಿಯುವುದು, ಆಮೇಲೆ ವಾರಗಟ್ಟಲೆ ಇಟ್ರಾಕೊನಜೋಲ್ ನುಂಗುವುದು ಕಳೆದ ಹತ್ತು ವರ್ಷಗಳಲ್ಲಿ ದೇಶದ ಎಲ್ಲೆಡೆ ಸಾಮಾನ್ಯವಾಗಿಬಿಟ್ಟಿದೆ. ಇಟ್ರಾಕೊನಜೋಲ್ ಯಕೃತ್ತಿನಲ್ಲಿ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಕರಗುವ ದಾರಿಯನ್ನೇ ಕಟ್ಟುತ್ತದೆ. ರಕ್ತದಲ್ಲಿ ಅವುಗಳ ಪ್ರಮಾಣ ಏರಿ ಸ್ನಾಯುಗಳು ಕರಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಮೈಕೈ ವಿಪರೀತ ನೋವು, ಚಹಾದ ಬಣ್ಣದ ಮೂತ್ರ ಅದರ ಸುಳಿವು. ನ್ಯುಮೋನಿಯಾಕ್ಕೆ ಬರೆಯುವ ಕ್ಲಾರಿಥ್ರೊಮೈಸಿನ್ ಕೂಡ ಹೀಗೇ. ಕ್ಷಯದ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ: ಸ್ಟಾಟಿನ್ನನ್ನು ಬೇಗ ಹೊರಹಾಕಿ ಹೃದಯಕ್ಕೆ ಸಿಗಬೇಕಾದ ರಕ್ಷಣೆಯನ್ನು ತಗ್ಗಿಸುತ್ತದೆ. ಚರ್ಮದ ವೈದ್ಯರು ಒಂದೂರಲ್ಲಿ, ಹೃದಯದ ವೈದ್ಯರು ಇನ್ನೊಂದೂರಲ್ಲಿ ಇರುವ ನಮ್ಮ ಕಡೆ ಎರಡೂ ಚೀಟಿಗಳನ್ನು ಒಟ್ಟಿಗೆ ನೋಡುವವರು ಸಿಗುವುದು ಅಪರೂಪ.

ತೀರ್ಪು ಹೇಳಲೇಬೇಕೆಂದರೆ, ಸೋಂಕು ತಡೆಯಲೆಂದು ಸ್ಟಾಟಿನ್ ಶುರುಮಾಡಲು ಇವತ್ತು ಆಧಾರ ಸಾಲದು. ಹೃದಯಕ್ಕೋ ಸಕ್ಕರೆ ಕಾಯಿಲೆಗೋ ವೈದ್ಯರು ಬರೆದುಕೊಟ್ಟದ್ದನ್ನು ಜ್ವರ ಬಂತೆಂದು ತಾವಾಗಿಯೇ ನಿಲ್ಲಿಸುವುದೂ ಸರಿಯಲ್ಲ. ಬೇರೆ ಕಾಯಿಲೆಗೆ ದವಾಖಾನೆಗೆ ಹೋದಾಗ ನೀವು ದಿನವೂ ನುಂಗುವ ಗುಳಿಗೆಗಳ ಪಟ್ಟಿಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ, ಚೀಟಿ ಬರೆಯುವ ಮೊದಲೇ ವೈದ್ಯರ ಮೇಜಿನ ಮೇಲಿಡಿ.