"ಬರೇ ಹೌಸ್‌ವೈಫ್" ಅನ್ನೂದು ಬಿಡ್ರಿ

ವೈನಿ, ಮೌಶಿ, ಬಾಜೂಮನಿ ಕಾಕೂ, ಇವತ್ತ ಹುಳಿ-ಚಟ್ನಿ ಸುದ್ದಿ ಇಲ್ಲ. ಒಂದು ಇಂಗ್ಲಿಷ್ ಶಬ್ದದ ಸುದ್ದಿ ಅದ. ಲಗ್ನದ ಮನಿಯೊಳಗ ಯಾರರ "ನೀವೇನ ಮಾಡ್ತೀರಿ?" ಅಂತ ಕೇಳಿದ್ರ, ನಮ್ಮ ಪೈಕಿ ಭಾಳ ಮಂದಿ ದನಿ ಸಣ್ಣ ಮಾಡಿ, "ಏನಿಲ್ರಿ, ಬರೇ ಹೌಸ್‌ವೈಫ್" ಅಂತಾರ. ಆ "ಬರೇ" ಜೋಡಿನ ನನ್ನ ಜಗಳ.

ಶಬ್ದದ ಬೇರು ನೋಡ್ರಿ. ಹಳೇ ಇಂಗ್ಲಿಷಿನ್ಯಾಗ "ವೀಫ್" ಅಂದ್ರ ಹೆಂಡತಿ ಅಂತಷ್ಟ ಅಲ್ಲ, ಹೆಂಗಸು ಅಂತನೂ ಅರ್ಥ. ಸೂಲಗಿತ್ತಿಗೆ "ಮಿಡ್‌ವೈಫ್" ಅಂತಾರಲ್ಲ, ಅದರಾಗ ಇನ್ನೂ ಆ ಅರ್ಥ ಉಳದದ: ಹೆಂಗಸಿನ ಸಂಗಾಟ ಇರಾಕಿ. ಹಂಗಾದ್ರ ಹೌಸ್‌ವೈಫ್ ಅಂದ್ರ ಮನಿ ನಡಸೂ ಹೆಣ್ಣುಮಗಳು. "ಹಸ್ಬೆಂಡ್" ಬಂದದ್ದು ಹಳೇ ನಾರ್ಸ್ ಭಾಷಾದ "ಹೂಸ್‌ಬೋಂಡಿ"ಯಿಂದ. "ಹೂಸ್" ಅಂದ್ರನೂ ಮನಿನ! ನಾವೂ ಗಂಡಗ "ನಮ್ಮ ಮನಿಯವರು" ಅನ್ನೂದಿಲ್ಲೇನು? ಇಬ್ಬರ ಹೆಸರಿನ್ಯಾಗೂ ಮನಿ ಅದ. ಆದ್ರ "ನಾ ಬರೇ ಹಸ್ಬೆಂಡ್" ಅಂತ ತಲಿ ತಗ್ಗಿಸಿದ ಗಂಡಸರನ್ನ ಎಲ್ಲೆರ ನೋಡೀರೇನು?

ಹೌಸ್‌ವೈಫ್ ಅನ್ನೂದ ಮಂದಿ ಬಾಯಾಗ ಸವದು "ಹಸ್ಸಿ" ಆತು. ಮೊದಲ ಅದಕ್ಕೂ ಮನಿಯಾಕಿ ಅಂತನ ಅರ್ಥ ಇತ್ತು. ಬರ್ತಾ ಬರ್ತಾ ನಾಚಿಕಿಗೇಡಿ ಹೆಂಗಸು ಅನ್ನೂ ಬೈಗಳ ಆತು. ಶಬ್ದ ತಾನಾಗೇ ಕೆಡಲಿಲ್ಲ, ಅಂದವರ ದನಿ ಅದನ್ನ ಕೆಡಿಸ್ತು.

"ಹೋಮ್‌ಮೇಕರ್ ಅನ್ರಿ, ಛಂದ ಕೇಳಸ್ತದ" ಅಂತ ಈಗಿನ ಹುಡುಗ್ಯಾರು ಹೇಳ್ತಾರ. ಅನ್ರಿ, ನನ್ನ ತಕರಾರಿಲ್ಲ. ಆದ್ರ "ಬರೇ ಹೋಮ್‌ಮೇಕರ್" ಅಂದ್ರ ಏನ ಬಂತು? ಸೀರಿ ಬದಲಾತು, ತಗ್ಗಿದ ತಲಿ ಏಳಲಿಲ್ಲ.

ಇದು ಬರೇ ಮಾತಿನ ಸುದ್ದಿ ಅಂತೀರೇನು? 2001ರ ಜನಗಣತಿಯೊಳಗ ಮನಿಗೆಲಸದವರನ್ನ ಭಿಕ್ಷುಕರು, ಕೈದಿಗಳ ಸಾಲಿನ್ಯಾಗ, ದುಡೀದವರು ಅಂತ ಕೂಡಿಸಿದ್ರು. 2010ರಾಗ ಸುಪ್ರೀಂ ಕೋರ್ಟ್, ಅಪಘಾತದಾಗ ತೀರಿಕೊಂಡ ಗೃಹಿಣಿಯೊಬ್ಬಾಕಿ ಪರಿಹಾರದ ಕೇಸಿನ್ಯಾಗ, ಇದು ತಪ್ಪು ಅಂತ ಬಿಡಿಸಿ ಹೇಳ್ತು. 2019ರ ಸರಕಾರಿ ಸಮಯ ಬಳಕೆ ಸಮೀಕ್ಷಾದ ಲೆಕ್ಕದಾಗ, ಪಗಾರಿಲ್ಲದ ಮನಿಗೆಲಸ ಮಾಡೂ ಹೆಂಗಸರು ದಿನಕ್ಕ ಸರಾಸರಿ 299 ನಿಮಿಷ ದುಡೀತಾರ, ಗಂಡಸರು 97 ನಿಮಿಷ. ಹತ್ತಿರ ಹತ್ತಿರ ಐದು ತಾಸು! ಕೋರ್ಟ್ ಬೆಲಿ ಕಟ್ಟಿದ ಕೆಲಸಕ್ಕ, ಸರಕಾರ ನಿಮಿಷ ಎಣಿಸಿದ ಕೆಲಸಕ್ಕ, ಮಾಡೂ ನಾವ "ಏನಿಲ್ರಿ" ಅಂದ್ರ, ನಮ್ಮ ಮನಿ ಮಕ್ಕಳು ಅದನ್ನ ನಿಜ ಅಂತನ ತಿಳಕೋತಾರ. ನಾಳೆ ಮಗಾ ತನ್ನ ಹೆಂಡತಿಗೂ "ದಿನಾ ಮನ್ಯಾಗ ಕೂತು ಏನ ಮಾಡ್ತೀ?" ಅಂತಾನ.

ನಮ್ಮ "ಗೃಹಿಣಿ" ಶಬ್ದದ ಅರ್ಥನೂ ಮನಿ ಉಳ್ಳಾಕಿ ಅಂತ. ಬ್ಯಾಂಕಿನ ಫಾರಮ್ಮಿನ್ಯಾಗ "ಉದ್ಯೋಗ" ಅಂತ ಇದ್ದಲ್ಲೆ ಅಡ್ಡಗೆರಿ ಎಳೀಬ್ಯಾಡ್ರಿ. ಗೃಹಿಣಿ ಅಂತ ದುಂಡಗ ಬರೀರಿ. ಹೌಸ್‌ವೈಫ್ ಅಂತೀರೋ ಹೋಮ್‌ಮೇಕರ್ ಅಂತೀರೋ ನಿಮ್ಮ ಖುಷಿ. "ಬರೇ" ಒಂದನ್ನ ಕಸದ ಜೋಡಿ ಗುಡಿಸಿ ಹೊರಗ ಹಾಕ್ರಿ.