ನುಣ್ಣನೆ ಗಲ್ಲ ಎಂಬ ಬಗ್

ರೇಜರ್ ಜಾಹೀರಾತಿನ ಆ ಆನಿಮೇಷನ್ ನೋಡಿರ್ತೀರಿ. ಮೊದಲ ಬ್ಲೇಡು ಕೂದಲನ್ನು ಹಿಡಿದು ಸ್ವಲ್ಪ ಮೇಲಕ್ಕೆಳೆಯುತ್ತೆ. ಅದು ವಾಪಸ್ ಒಳಕ್ಕೆ ಜಾರುವಷ್ಟರಲ್ಲಿ ಹಿಂದೆ ಬಂದ ಎರಡನೆಯದು ಕತ್ತರಿಸುತ್ತೆ. ಉಳಿದ ತುಂಡು ಚರ್ಮದ ಮಟ್ಟಕ್ಕಿಂತ ಕೆಳಗೆ ಹೋಗಿ ಕೂರುತ್ತೆ. ಜಾಹೀರಾತುಗಳೆಲ್ಲ ಬರೀ ಸುಳ್ಳು ಅಂತ ನಾವು ಬೈತೀವಿ, ಇದು ಮಾತ್ರ ಅಪ್ಪಟ ನಿಜ. ನನ್ನ ತಕರಾರು ಇರೋದೇ ಆ ನಿಜದ ಬಗ್ಗೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಬಗ್ಗನ್ನೇ ಫೀಚರ್ ಅಂತ ಮಾರ್ತಿದಾರೆ.

ಕೆಳಗೆ ಹೋದ ಕೂದಲು ಮತ್ತೆ ಬೆಳೆಯಲೇಬೇಕಲ್ಲ. ನೆಟ್ಟಗಿನ ಕೂದಲಾದರೆ ತನ್ನ ದಾರಿ ಹಿಡಿದು ಹೊರಗೆ ಬರುತ್ತೆ. ಗುಂಗುರು ಕೂದಲಿಗೆ ಬಾಗೋದು ಹುಟ್ಟುಗುಣ. ಕತ್ತರಿಸಿದ ಅದರ ತುದಿ ಮುಳ್ಳಿನಷ್ಟು ಚೂಪು. ರಂಧ್ರದ ಗೋಡೆಯನ್ನೇ ಚುಚ್ಚಿ ಪಕ್ಕದ ಚರ್ಮಕ್ಕೆ ನುಗ್ಗುತ್ತೆ, ಇಲ್ಲವೇ ಹೊರಗೆ ಬಂದು ಕೊಕ್ಕೆಯ ಹಾಗೆ ಬಾಗಿ ಮತ್ತೆ ಒಳಗೆ ಇಳಿಯುತ್ತೆ. ನಮ್ಮದೇ ಕೂದಲು ಅಂತ ದೇಹ ರಿಯಾಯಿತಿ ತೋರಿಸಲ್ಲ. ಕೆಂಪು ಗುಳ್ಳೆ, ತುರಿಕೆ, ಕೆಲವೊಮ್ಮೆ ಕೀವು, ಆಮೇಲೆ ನಮ್ಮಂಥ ಕಂದು ಚರ್ಮದಲ್ಲಿ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ. ಡಾಕ್ಟರುಗಳು ಇದನ್ನು ಸೂಡೋಫಾಲಿಕ್ಯುಲೈಟಿಸ್ ಬಾರ್ಬೆ ಅಂತಾರೆ. ‘ಸೂಡೋ’ ಅಂದರೆ ಹುಸಿ, ಅಂದರೆ ಮೂಲದಲ್ಲಿ ಇದು ಸೋಂಕಲ್ಲ. ಹಾಗಾಗಿ ಉರಿಯುವ ಆಫ್ಟರ್‌ಶೇವ್ ಎಷ್ಟು ಸುರಿದುಕೊಂಡರೂ ಕೊಕ್ಕೆ ನೆಟ್ಟಗಾಗಲ್ಲ.

ಬ್ಲೇಡಿನ ಲೆಕ್ಕವಂತೂ ತಮಾಷೆಯಾಗಿದೆ. ಎರಡು ಬ್ಲೇಡಿನ ಟ್ರ್ಯಾಕ್ ಟೂ ರೇಜರನ್ನು ಜಿಲೆಟ್ ತಂದಿದ್ದು 1971ರಲ್ಲಿ. 1975ರಲ್ಲಿ ಅಮೆರಿಕದ ಸ್ಯಾಟರ್‌ಡೇ ನೈಟ್ ಲೈವ್ ತನ್ನ ಮೊದಲ ಕಂತಲ್ಲೇ ಮೂರು ಬ್ಲೇಡಿನ ರೇಜರಿನ ಅಣಕು ಜಾಹೀರಾತು ಮಾಡಿ ನಗಿಸಿತು. 1998ರಲ್ಲಿ ಮ್ಯಾಕ್ ತ್ರೀ ನಿಜಕ್ಕೂ ಬಂತು. 2004ರಲ್ಲಿ ದಿ ಆನಿಯನ್ ಪತ್ರಿಕೆ ಐದು ಬ್ಲೇಡು ಅಂತ ಗೇಲಿ ಮಾಡಿತು, 2006ರಲ್ಲಿ ಐದು ಬ್ಲೇಡಿನ ಫ್ಯೂಷನ್ ಅಂಗಡಿಯಲ್ಲಿತ್ತು. ನನಗೆ ಇದಕ್ಕಿಂತ ಮಜಾ ಅನ್ನಿಸೋದು 2010ರ ಕಥೆ. ಕಡಿಮೆ ಆದಾಯದ ಭಾರತೀಯರಿಗೆ ಅಂತ ಅದೇ ಕಂಪನಿ ಗಾರ್ಡ್ ತಂದಿತು. ರೇಜರ್ 15 ರೂಪಾಯಿ, ಕಾರ್ಟ್ರಿಜ್ 5 ರೂಪಾಯಿ, ಒಂದೇ ಒಂದು ಬ್ಲೇಡು. ಗುಂಗುರು ಗಡ್ಡದವನಿಗೆ ಬೇಕಾಗಿರೋದೂ ಅದೇ! ಹತ್ತಾರು ಪಟ್ಟು ದುಡ್ಡು ಕೊಟ್ಟು ನಾವು ಮನೆಗೆ ತರೋದು ಗುಳ್ಳೆಯನ್ನು.

ಕಟಿಂಗ್ ಶಾಪಿನ ಕಥೆಯೂ ಬೇರೆಯಲ್ಲ. ಮೊದಲ ಸುತ್ತು ಮುಗಿದ ಮೇಲೆ ಅಣ್ಣ ಮತ್ತೆ ನೊರೆ ಹಚ್ಚಿ, ಚರ್ಮ ಎಳೆದು ಹಿಡಿದು, ಉಲ್ಟಾ ಎಳೀತಾನೆ. ಬೇಡ ಅಂದರೆ ಕೆಲಸ ಅರ್ಧ ಮಾಡಿದ ಹಾಗೆ ಅವನಿಗೆ ಬೇಜಾರು. ಆ ಎರಡನೇ ಸುತ್ತೇ ಗುಳ್ಳೆಗೆ ಕೊಡೋ ಆಹ್ವಾನ. ‘ಸಾಕಣ್ಣ, ಒಂದೇ ಸುತ್ತು’ ಅಂತ ಹೇಳೋಕೆ ನಾಚಿಕೆ ಯಾಕೆ? (ಮಂಗಳವಾರ ಶನಿವಾರ ಗಡ್ಡ ಮುಟ್ಟಬೇಡ ಅಂತ ಊರಲ್ಲಿ ಅಜ್ಜಿಯರು ಹೇಳ್ತಾರಲ್ಲ, ಕಾರಣ ಏನೇ ಇರಲಿ, ಚರ್ಮಕ್ಕಂತೂ ವಾರಕ್ಕೆರಡು ರಜೆ.)

ಮಾಡಬೇಕಾದ್ದು ಕಷ್ಟದ್ದೇನಲ್ಲ. ಸ್ನಾನ ಆದ ಮೇಲೆ, ಕೂದಲು ಮೆತ್ತಗಾಗಿರುವಾಗ ಶೇವ್ ಮಾಡಿ. ಬ್ಲೇಡು ಹೊಸದಿರಲಿ, ಕೂದಲು ಬೆಳೆದ ದಿಕ್ಕಿಗೇ ಹೋಗಲಿ. ಕತ್ತಿನಲ್ಲಿ ಆ ದಿಕ್ಕು ಬೇರೆಯಿರುತ್ತೆ, ಬೆರಳಾಡಿಸಿ ನೋಡ್ಕೊಳ್ಳಿ. ಚರ್ಮ ಎಳೀಬೇಡಿ, ಒತ್ತಬೇಡಿ. ಇನ್ನೂ ಒಳ್ಳೇದು ಅಂದರೆ ಟ್ರಿಮ್ಮರಲ್ಲಿ ಒಂದು ಮಿಲಿಮೀಟರ್ ಬಿಟ್ಟುಬಿಡೋದು. ಈಗಾಗಲೇ ಗುಳ್ಳೆ ಎದ್ದಿದ್ದರೆ ಮೂರು ನಾಲ್ಕು ವಾರ ಬ್ಲೇಡು ಮುಟ್ಟಬೇಡಿ. ಕೂದಲು ಉದ್ದವಾದ ಹಾಗೆ ಸ್ಪ್ರಿಂಗಿನಂತೆ ತಾನೇ ಹೊರಗೆ ಎದ್ದು ಬರುತ್ತೆ. ಚಿಮಟದಲ್ಲಿ ಕಿತ್ತರೆ ಹೊಸದು ಇನ್ನೂ ಆಳದಿಂದ ಹೊರಡುತ್ತೆ. ಮೆಡಿಕಲ್ ಶಾಪಿನವನು ‘ಸಾರ್, ಇದು ಹಚ್ಚಿ’ ಅಂತ ಕೊಡೋ ಸ್ಟೀರಾಯ್ಡ್ ಕ್ರೀಮನ್ನು ಡಾಕ್ಟರ ಚೀಟಿ ಇಲ್ಲದೆ ಮುಖಕ್ಕೆ ತರಲೇಬೇಡಿ, ಚರ್ಮ ತೆಳ್ಳಗಾಗಿ ಇನ್ನೊಂದು ಗೋಳು ಶುರುವಾಗುತ್ತೆ.

ಆದರೆ ಇದೆಲ್ಲ ಗೊತ್ತಿದ್ದೂ ಹುಡುಗರು ದಿನಾ ಕೆರೆದುಕೊಳ್ಳೋದು ಯಾಕೆ ಅಂದರೆ ಆಫೀಸು. ಕ್ಲೈಂಟ್ ಬರುವ ದಿನ ‘ಕ್ಲೀನ್ ಶೇವ್ ಮಾಡ್ಕೊಂಡ್ ಬನ್ನಿ’ ಅನ್ನೋ ಮೇಲ್ ಓದದವರು ನಮ್ಮಲ್ಲಿ ಯಾರಿದ್ದಾರೆ? ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರು ಮಾಡೋರು ಹೇಳೋ ಮೊದಲ ಪಾಠವೂ ಅದೇ. ಅಮೆರಿಕದಲ್ಲಿ ಇದು ಕೋರ್ಟಿಗೇ ಹೋಗಿತ್ತು. ಒಮಾಹಾ ನಗರದ ಡಾಮಿನೋಸ್ ಫ್ರಾಂಚೈಸಿಯಲ್ಲಿ ಪಿಜ್ಜಾ ತಲುಪಿಸುತ್ತಿದ್ದ ಕಪ್ಪು ವರ್ಣೀಯನೊಬ್ಬನ ಕೆಲಸ ಗಡ್ಡ ಬಿಟ್ಟಿದ್ದಕ್ಕೆ ಹೋಯಿತು. ಅವನಿಗಿದ್ದದ್ದು ಇದೇ ತೊಂದರೆ. ಗುಂಗುರು ಕೂದಲಿನ ಕಪ್ಪು ಗಂಡಸರಲ್ಲಿ ಇದು ತುಂಬಾ ಹೆಚ್ಚು. ಗಡ್ಡ ಗಿರಾಕಿಗಳಿಗೆ ಹಿಡಿಸಲ್ಲ ಅನ್ನೋದು ಕಂಪನಿಯ ವಾದ. 1993ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಅದನ್ನು ಒಪ್ಪಲಿಲ್ಲ. ಮನೆ ಬಾಗಿಲಲ್ಲಿ ಗಿರಾಕಿಯ ಎದುರೇ ನಿಲ್ಲುವ ಕೆಲಸಕ್ಕೇ ಅದು ಕಾರಣವಾಗಲಿಲ್ಲ. ನಾವೋ, ಕ್ಯಾಮೆರಾ ಆಫ್ ಮಾಡಿಕೊಂಡು ಸ್ಟ್ಯಾಂಡಪ್‌ನಲ್ಲಿ ಕೂತವರು.

ಗಡ್ಡ ಕೊಳಕಾಗಿರಲಿ ಅಂತ ಯಾರೂ ಕೇಳ್ತಿಲ್ಲ ಸ್ವಾಮಿ. ಡ್ರೆಸ್ ಕೋಡ್ ಫೈಲಿನಲ್ಲಿ ‘ಕ್ಲೀನ್ ಶೇವ್’ ಅನ್ನೋದನ್ನು ತೆಗೆದು ‘ಒಪ್ಪವಾಗಿ ಟ್ರಿಮ್ ಮಾಡಿದ’ ಅಂತ ಹಾಕಬೇಕು. ಒಂದೇ ಸಾಲಿನ ಬದಲಾವಣೆ, ಟೆಸ್ಟಿಂಗೂ ಬೇಡ. ಎಚ್‌ಆರ್‌ನವರಿಗೆ ಟಿಕೆಟ್ ಬೇಕಿದ್ದರೆ ನಾನೇ ಹಾಕ್ತೀನಿ.